ಕಲ್ಲು ಡಾಕ್ಟ್ರ ಸುತ್ತಿಗೆ

ಎಲ್ಲ ಶುರುವಾದದ್ದು ವರದಿಯ ಕೊನೆಗೆ ಬರೆದ ಒಂದೇ ಒಂದು ಸಾಲಿನಿಂದ: ‘ಕಲ್ಲು ಒಂದೇ ಸಮ ಇಲ್ಲ, ಕೆಳಗಿಳಿದು ಪರೀಕ್ಷಿಸುವುದು ಒಳ್ಳೆಯದು.’ ಇಳಿಯುವವರು ಬೇರೆ ಯಾರಾದರೂ ಆಗಿರಲಿ ಎಂದು ಬರೆಯುವುದೊಂದು ಮರೆತುಹೋಗಿತ್ತು.

ಬರೆದ ಭೂವಿಜ್ಞಾನಿಯನ್ನು ಕೆಲಸದವರು ಕಲ್ಲು ಡಾಕ್ಟ್ರು ಎನ್ನುತ್ತಿದ್ದರು. ಸುರಂಗಕ್ಕೆ ಗಾಳಿ ಒದಗಿಸಲು ತೋಡುತ್ತಿದ್ದ ಬಾವಿ ನೂರಿಪ್ಪತ್ತು ಮೀಟರ್ ಆಳ ಮುಟ್ಟಿದ್ದರೂ ಡಾಕ್ಟ್ರು ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ಮೇಸ್ತ್ರಿ ಚೀಲದಲ್ಲಿ ಕಳಿಸಿದ ಚೂರುಗಳನ್ನು ಮೇಜಿನ ಮೇಲೆ ಹರಡಿ, ಅಲ್ಲೇ ನಾಡಿ ಹಿಡಿದು ವರದಿ ಬರೆಯುತ್ತಿದ್ದರು. ಆಳವೆಂದರೆ ಅವರಿಗೆ ಅಷ್ಟು ಭಯ. ನೆಲಮಾಳಿಗೆಯಲ್ಲಿ ಸ್ಕೂಟರ್ ನಿಲ್ಲಿಸಲೂ ಹೆಂಡತಿಯನ್ನೇ ಕಳಿಸುವ ಆಸಾಮಿ.

“ಸರಿಯಾಗೇ ಬರ್ದಿದೀರಿ,” ಎಂದರು ದೊಡ್ಡ ಇಂಜಿನಿಯರ್ ಮೇಡಂ. “ಈಗ್ಲೇ ಇಳೀರಿ.”

“ನನಗೆ ಸ್ವಲ್ಪ ನೆಗಡಿ, ಮೇಡಂ...”

“ಕೆಳಗೆ ಬೆಚ್ಚಗಿರುತ್ತೆ.”

ಬಾವಿಗೆ ಜನರನ್ನು ಇಳಿಸುವ ಕಬ್ಬಿಣದ ತೊಟ್ಟಿಲು ಹತ್ತುವಾಗ ರಾಟೆಯವನು ಧೈರ್ಯ ಹೇಳಿದ. “ಹೆದರ್ಬೇಡಿ ಸಾರ್, ಹಗ್ಗ ಹೊಸದು. ಹಳೇದು ಹೋದ ವಾರ ತಾನೇ ಕಿತ್ಕೊಂಡು ಹೋಯ್ತು.”

ತೊಟ್ಟಿಲು ಇಳಿಯಿತು. ಮೇಲಿನ ಆಕಾಶ ತಟ್ಟೆಯಷ್ಟಾಯಿತು, ಬಟ್ಟಲಷ್ಟಾಯಿತು, ಕೊನೆಗೆ ನಾಣ್ಯದಷ್ಟಾಯಿತು. ಎಲ್ಲಿಂದಲೋ ಒಂದು ಹರಳು ಟಪ್ಪೆಂದು ಹೆಲ್ಮೆಟ್ಟಿನ ಮೇಲೆ ಬಿತ್ತು.

ತಳದಲ್ಲಿ ಮೇಸ್ತ್ರಿ ಮತ್ತವನ ಎಂಟು ಜನ ಕೆಲಸ ಬಿಟ್ಟು ಸುತ್ತ ನಿಂತರು.

“ಇಲ್ಲಿ ಗಟ್ಟಿ, ಅಲ್ಲಿ ಪುಡಿಪುಡಿ, ಮಾರಿಗೊಂದು ಥರ ಇದೆ,” ಎಂದ ಮೇಸ್ತ್ರಿ. “ಬಡಿದು ನೋಡಿ ಸಾರ್. ನಮ್ಮ ಜೀವ ನಿಮ್ಮ ಕಿವೀಲಿದೆ.”

ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಟೊಳ್ಳಾಗಿದ್ದರೆ ಡಬ್ ಎನ್ನುತ್ತದೆ. ಡಾಕ್ಟ್ರು ಗೋಡೆಗೆ ಕಿವಿ ಹಚ್ಚಿ ಸುತ್ತಿಗೆ ಬಡಿದರು. ಠಣ್! ಇನ್ನೊಮ್ಮೆ. ಠಣ್! ನೀರೆತ್ತುವ ಪಂಪಿನ ಗದ್ದಲದಲ್ಲಿ ಅದು ಅವರೊಬ್ಬರಿಗೇ ಕೇಳಿಸಿತು. ಗಟ್ಟಿಯಿದೆ ಎಂದರೆ ಉಳಿದ ಸುತ್ತನ್ನೆಲ್ಲ ಬಡಿಯುತ್ತ ಸಂಜೆಯವರೆಗೆ ಇಲ್ಲೇ ಇರಬೇಕು.

“ಪೂರ್ತಿ ಟೊಳ್ಳು!” ಎಂದು ಕಿರುಚಿದರು. “ಬಿದ್ದೇಬಿಡುತ್ತೆ! ಎಲ್ಲರೂ ಮೇಲಕ್ಕೆ ನಡೀರಿ!”

ಹೇಳಿದವರೇ ಮೊದಲು ತೊಟ್ಟಿಲಲ್ಲಿ ಕೂತಿದ್ದರು.

ನೆಲಕ್ಕೆ ಕಾಲಿಟ್ಟಾಗ ಹೋದ ಜೀವ ಬಂದಂತಾಯಿತು. ಕೊನೆಯ ಸರದಿಯಲ್ಲಿ ಮೇಸ್ತ್ರಿಯೂ ಮೇಲೆ ಬಂದ. ಮೇಡಂ ಮುಖ ಕೆಂಪಾಗಿತ್ತು. “ಸುಮ್ಮನೆ ಕೆಲಸ ನಿಲ್ಲಿಸಿದ್ರೆ ನಿಮ್ಮನ್ನ...”

ಮಾತು ಮುಗಿಯುವಷ್ಟರಲ್ಲಿ ಬಾವಿಯೊಳಗೆ ಗುಡುಗಿದ ಸದ್ದು. ಧೂಳು ಮೇಲೆದ್ದಿತು. ಇಣುಕಿ ದೀಪ ಬಿಟ್ಟು ನೋಡಿದರೆ, ಡಾಕ್ಟ್ರು ಬಡಿದಿದ್ದ ಗೋಡೆಯೇ ಕುಸಿದು, ಎಂಟೂ ಜನ ನಿಂತಿದ್ದ ಜಾಗವನ್ನು ಮುಚ್ಚಿತ್ತು.

ಮೇಸ್ತ್ರಿ ಡಾಕ್ಟ್ರ ಕೈ ಹಿಡಿದು ಅತ್ತೇಬಿಟ್ಟ.

“ಮೇಡಂ, ಇನ್ಮೇಲೆ ದಿನಾ ಮೊದ್ಲು ಸಾರ್ ಒಬ್ರೇ ಇಳೀಲಿ. ಅವ್ರು ಬಡಿದು ಸರಿ ಅಂದ್ರೆ ನಾವು ಕಣ್ಮುಚ್ಕೊಂಡು ಇಳೀತೀವಿ.”

“ಆಗ್ಲಿ,” ಎಂದರು ಮೇಡಂ. “ನಾಳೆ ಬೆಳಿಗ್ಗೆ ಏಳಕ್ಕೆ. ಇನ್ನೂ ಎಂಬತ್ತು ಮೀಟರ್ ಬಾಕಿ ಇದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟ್ರು ಮಾತ್ರ ಕೈಯಲ್ಲಿದ್ದ ಸುತ್ತಿಗೆಯನ್ನೇ ನೋಡುತ್ತ ನಿಂತರು. ಕುಸಿದ ಗೋಡೆ ಎರಡು ಸಲವೂ ಠಣ್ ಎಂದಿತ್ತೆಂಬುದು ಅವರೊಬ್ಬರಿಗೇ ಗೊತ್ತಿತ್ತು.