ಪರಮಾನಂದನ ಸೊಟ್ಟ ನಕ್ಷತ್ರ

ಎಲ್ಲದಕ್ಕೂ ಕಾರಣ ಇಡ್ಲಿ ಕಟ್ಟಿಕೊಟ್ಟ ಪೇಪರಿನ ತುಂಡು. ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಆರು ವರ್ಷದಿಂದ ಟೆಂಪರರಿಯಾಗಿದ್ದ ಬಾಗಲಕೋಟೆಯ ಪರಮಾನಂದ ಅದರಲ್ಲಿ ಕೈ ಒರೆಸಿಕೊಳ್ಳುವ ಬದಲು ಓದಿಬಿಟ್ಟ.

ಮುದಿ ನಕ್ಷತ್ರ ಸಿಡಿದಾಗ ಒಳಗೊಂದು ಪುಟ್ಟ ನಕ್ಷತ್ರ ಉಳಿಯುತ್ತದಂತೆ. ಅಗಲ ಪೀಣ್ಯದಿಂದ ಬೆಳ್ಳಂದೂರಿಗಿರುವಷ್ಟೇ, ತೂಕ ಸೂರ್ಯನಿಗಿಂತ ಜಾಸ್ತಿ, ಸೆಕೆಂಡಿಗೆ ನೂರಾರು ಸುತ್ತು. ಆ ತಿರುಗಾಟದ ಬಲದಿಂದಲೇ ಸ್ಫೋಟ ಇನ್ನಷ್ಟು ಬೆಳಗುತ್ತದಂತೆ. ಅದರ ಅಯಸ್ಕಾಂತ ಶಕ್ತಿ ಎಷ್ಟು ಜೋರೆಂದರೆ ನಕ್ಷತ್ರವೇ ತುಸು ಸೊಟ್ಟಗಾಗಿ, ಆಕಾಶದ ತುಂಬ ಗುರುತ್ವದ ಅಲೆ ಎಬ್ಬಿಸುತ್ತದಂತೆ. ಪೂರ್ತಿ ದುಂಡಗಿದ್ದರೆ ಅಲೆಯೇ ಇಲ್ಲ.

ಪರಮಾನಂದನ ಕೆಲಸವೂ ಅಂಥದ್ದೇ. ಮೋಟಾರಿನೊಳಗೆ ಸುತ್ತುವ ರೋಟರನ್ನು ಮಷೀನಿನಲ್ಲಿ ತಿರುಗಿಸಿ, ಭಾರ ಹೆಚ್ಚಿದ ಕಡೆ ಕೊರೆದು, ನಡುಕ ತೋರಿಸುವ ಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುವಂತೆ ಮಾಡಬೇಕು. ಇವತ್ತು ಹನ್ನೊಂದಕ್ಕೆ ದೊಡ್ಡ ಕಂಪನಿಯ ಇನ್‌ಸ್ಪೆಕ್ಟರ್ ದ್ವಾರಕಾನಾಥ್ ಬರುವವರಿದ್ದರು. ಮುಳ್ಳು ಅಲ್ಲಾಡದಿದ್ದರೆ ಖಾಯಂ ಎಂದು ಮಾಲೀಕ ವೆಂಕಟರಮಣಪ್ಪ ಮಾತು ಕೊಟ್ಟಿದ್ದರು. ಖಾಯಂ ಆದರೆ ಹೆಂಡತಿ ಮಹಾದೇವಿಯನ್ನು ಕರೆಸಿಕೊಂಡು ಮನೆ ಮಾಡಬಹುದು.

ಒಂಬತ್ತಕ್ಕೇ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಶುಕ್ರವಾರದ ಮಷೀನು ಪೂಜೆಯ ಪಾಳಿ ಅವನದೇ. ಕಿಟಕಿಯ ಬಿಸಿಲಿಗೆ ರೋಟರು ಥೇಟ್ ನಕ್ಷತ್ರದಂತೆ ಹೊಳೆಯಿತು. ಭಕ್ತಿ ಉಕ್ಕಿ, ಅದಕ್ಕೇ ಗಂಧ ಕುಂಕುಮದ ದಪ್ಪ ಬೊಟ್ಟು ಮೆತ್ತಿ ಕೈಮುಗಿದ.

ಹನ್ನೊಂದಕ್ಕೆ ದ್ವಾರಕಾನಾಥ್ ಎದುರು ಮಷೀನು ತಿರುಗಿತು. ಮುಳ್ಳು ಗಡಗಡ ನಡುಗಿತು.

“ನೆಲದ ಬೋಲ್ಟ್ ಲೂಸ್ ಆಗೈತೋ,” ಎನ್ನುತ್ತ ಲೇತ್ ಮಷೀನಿನ ಕೆಲಸಗಾರ ಬಸಲಿಂಗ ಸ್ಪ್ಯಾನರ್ ಹಿಡಿದು ಬಂದ. ಮುಳ್ಳು ನಿಲ್ಲಲಿಲ್ಲ.

“ದೃಷ್ಟಿ ಕಣ್ರೀ!” ಎಂದು ಕಸ ಗುಡಿಸುವ ನಾಗಲಕ್ಷ್ಮಮ್ಮ ಮಷೀನು ನಿಲ್ಲಿಸಿ, ನಿಂಬೆಹಣ್ಣು ನಿವಾಳಿಸಿ, ಮೊದಲಿನ ಬೊಟ್ಟಿನ ಮೇಲೇ ಇನ್ನೊಂದು ಇಟ್ಟಳು. ಈಗ ಮುಳ್ಳು ಕುಣಿಯತೊಡಗಿತು.

ಪರಮಾನಂದನ ಕಣ್ಣು ಮೇಲ್ಛಾವಣಿ ದಾಟಿ ಎಲ್ಲೋ ಹೋಗಿತ್ತು. “ಸಾಹೇಬ್ರ, ಇದು ನಮ್ಮ ತಪ್ಪಲ್ರೀ. ಮ್ಯಾಲೆ ಎಲ್ಲೋ ನಕ್ಷತ್ರ ಸಿಡದೈತ್ರಿ. ಅಲಿ ಬರಾಕತ್ತಾವು.”

“ನಿನ್ ನಕ್ಷತ್ರಾನೇ ನೆಟ್ಟಗಿಲ್ಲ ಕಣಯ್ಯ!” ವೆಂಕಟರಮಣಪ್ಪ ಹಣೆ ಚಚ್ಚಿಕೊಂಡರು.

ದ್ವಾರಕಾನಾಥ್ ಮಷೀನು ನಿಲ್ಲಿಸಿ, ಬಾಗಿ ನೋಡಿ, ಕರ್ಚೀಫಿನಿಂದ ಬೊಟ್ಟು ಒರೆಸಿ, ಮತ್ತೆ ತಿರುಗಿಸಿದರು. ಮುಳ್ಳು ಸೊನ್ನೆಯಲ್ಲಿ ಕದಲದೆ ನಿಂತಿತು. ಪರಮಾನಂದನಿಗೆ ಮಹಾದೇವಿ ಟ್ರಂಕು ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದೇಬಿಟ್ಟಂತೆ ಕಂಡಿತು.

“ಒಂದ್ ಬೊಟ್ಟು ಗಂಧಾನೂ ಕಂಡುಹಿಡಿಯತ್ತಲ್ರೀ! ಸಕ್ಕತ್ ಮಷೀನು,” ಎಂದರು ದ್ವಾರಕಾನಾಥ್. “ಇದಿದ್ರೆ ಯಾರ್ ನಿಂತ್ರೂ ಕೆಲ್ಸ ಆಗತ್ತೆ ಬಿಡಿ.”

ವೆಂಕಟರಮಣಪ್ಪನವರ ಮುಖ ಅರಳಿತು. “ಹೌದಲ್ವಾ ಸಾರ್! ಖಾಯಂ ಆಳು ಯಾಕ್ ಬೇಕು?” ಎನ್ನುತ್ತ, ಪರಮಾನಂದನಿಗೆಂದು ತಂದಿದ್ದ ಹಾರವನ್ನು ಮಷೀನಿಗೇ ಹಾಕಿದರು.

ಪರಮಾನಂದನಿಗೆ ಅಳುವೇ ಬಂತು. ಆರು ವರ್ಷ ಎಲ್ಲೂ ಒಂದು ಅಲೆ ಏಳದಂತೆ ನೋಡಿಕೊಂಡಿದ್ದ. ‘ನಾನೂ ತುಸು ಸೊಟ್ಟಗೇ ಇರಬೇಕಿತ್ತು’ ಎಂದುಕೊಂಡು ಮುಂದಿನ ರೋಟರನ್ನು ಏರಿಸಿದ. ಕೈ ಮಾತ್ರ ರೂಢಿಯಂತೆ ಭಾರವಿದ್ದ ಕಡೆಯೇ ಕೊರೆಯಿತು. ಮುಳ್ಳು ಸುಮ್ಮನೆ ಬಂದು ಸೊನ್ನೆಯಲ್ಲಿ ನಿಂತಿತು.