ನಲವತ್ತು ನಿಮಿಷದ ಗಾಯನ

ಹೆಂಡತಿ ಏನು ಕೇಳಿದರೂ "ಎರಡು ನಿಮಿಷ" ಎಂದು ಒಂದೇ ಉತ್ತರ ಕೊಡುವ ಗಂಡ, ಕೊಟ್ಟದ್ದಕ್ಕೆ ತಕ್ಕ ಉತ್ತರ ಕೊಡುವ ಯಂತ್ರವೊಂದನ್ನು ಅಡುಗೆಮನೆಯಲ್ಲಿ ತಂದಿಟ್ಟ.

ಅವನು ಮುದ್ರಣಾಲಯವೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹಳೆಯ ಲ್ಯಾಪ್‌ಟಾಪನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿ, ಅದರ ಶೆಲ್‌ನಲ್ಲಿ, ಅಂದರೆ ಅಪ್ಪಣೆಗಳನ್ನು ಟೈಪ್ ಮಾಡುವ ಕಪ್ಪು ಪರದೆಯಲ್ಲಿ, 'ಹೇಳು' ಎಂಬ ಫಂಕ್ಷನ್ ಬರೆದಿದ್ದ.

"ನೋಡು, 'ಹೇಳು' ಅಂತ ಬರೆದು ಮುಂದೆ ಏನು ಬೇಕಾದ್ರೂ ಕೊಡು. ಹಾಡಿನ ಫೋಲ್ಡರ್ ಹೆಸರು ಕೊಟ್ರೆ ಒಂದಾದ ಮೇಲೊಂದು ಹಾಡುತ್ತೆ. ಸಂಖ್ಯೆ ಕೊಟ್ರೆ ಅಷ್ಟು ನಿಮಿಷ ಬಿಟ್ಟು ಗಂಟೆ ಹೊಡೆಯುತ್ತೆ. ಬೇರೇನೇ ಕೊಟ್ರೂ ಗಟ್ಟಿಯಾಗಿ ಓದುತ್ತೆ. ಕೊಟ್ಟಿದ್ದು ಯಾವ ಜಾತಿಯದು ಅಂತ ತಾನೇ ತಿಳ್ಕೊಳ್ಳುತ್ತೆ."

"ಹಾಗಾದ್ರೆ ನಿಮಗಿಂತ ವಾಸಿ," ಎಂದಳು ಅವಳು. "ನಾನು ನಿಮಿಷ ಎಣಿಸೋಕೆ ತಿರುಗಿಸಿ ಇಡ್ತಿದ್ದ ಕೀಲಿ ಗಂಟೆ ಎಲ್ಲಿ?"

"ಅಟ್ಟದ ಮೇಲೆ. ಇನ್ನು ಅದ್ಯಾಕೆ? ಇದು ಹೊಡೆಯೋವರೆಗೂ ನೀನು ಓವನ್ ಕಡೆ ತಿರುಗಿ ನೋಡೋದೇ ಬೇಡ."

ಅವಳಿಗೆ ಅದು ಸಾಧಾರಣ ದಿನವಾಗಿರಲಿಲ್ಲ. ಬಸ್ ನಿಲ್ದಾಣದ ಮೂಲೆಯ ಚಹದಂಗಡಿಯವನು ಅವಳ ಬ್ರೆಡ್ಡನ್ನು ಅಂದು ಸಂಜೆ ರುಚಿ ನೋಡುವೆನೆಂದಿದ್ದ. ಹಿಡಿಸಿದರೆ ದಿನವೂ ಬೇಕೆಂದಿದ್ದ. ಅಷ್ಟು ದಿನ ಮನೆಯವರು ಮಾತ್ರ ತಿಂದು ಸುಮ್ಮನಾಗುತ್ತಿದ್ದ ಅವಳ ಕೈರುಚಿಗೆ ಮೊದಲ ಬಾರಿ ಬೀದಿಗಿಳಿಯುವ ಯೋಗ.

ಬ್ರೆಡ್ಡನ್ನು ಅಂಗಡಿಗೆ ಮುಟ್ಟಿಸಲು ಅವನು ಮಧ್ಯಾಹ್ನವೇ ಮನೆಗೆ ಬಂದ. ಗೇಟಿನ ಬಳಿ ಎರಡು ಸಂಗತಿಗಳು ಅವನನ್ನು ಎದುರುಗೊಂಡವು: ಹೊಗೆ, ಮತ್ತು ಅವನದೇ ಹಾಡು.

ಅಡುಗೆಮನೆಯಲ್ಲಿ ಕರಕಲು ಬ್ರೆಡ್ಡುಗಳ ಮುಂದೆ ಅವಳು ನಿಂತಿದ್ದಳು. ಲ್ಯಾಪ್‌ಟಾಪಿನೊಳಗೆ ಅವನು ಮೇಲಿನ ಸ್ವರಕ್ಕೆ ಏಣಿ ಹಾಕುತ್ತಿದ್ದ.

"ನನಗೆ ಆಗ್ಲೇ ವಾಸನೆ ಬಂದಿತ್ತು," ಎಂದರು ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮ. "ಇವನು ಹಾಡುವಾಗ ಏನಾದ್ರೂ ಒಂದು ಆಗೇ ಆಗುತ್ತೆ ಅಂತ ಸುಮ್ಮನಿದ್ದೆ."

"ಗಂಟೆ ಹೊಡೀಲಿಲ್ವಾ?" ಎಂದ ಅವನು.

"ನಲವತ್ತು ಅಂತ ಕೊಟ್ಟೆ. ನಿಮ್ಮ ಹಾಡು ಶುರುವಾಯ್ತು." ಅವಳ ದನಿ ತಗ್ಗಿತು. "ಕಾಯೋವಾಗ ಬೇಜಾರಾಗ್ಬಾರ್ದು ಅಂತ ನನಗೋಸ್ಕರ ಹಾಕಿದ್ದೀರಿ ಅಂದ್ಕೊಂಡೆ. ಹಿತ್ತಲಲ್ಲಿ ಪಾತ್ರೆ ತೊಳೀತಾ ಕೇಳ್ತಾ ಕೂತೆ."

ಅವನಿಗೆ ಎಲ್ಲವೂ ಹೊಳೆಯಿತು. ತನ್ನ ನಲವತ್ತನೆಯ ಹುಟ್ಟುಹಬ್ಬಕ್ಕೆ ಹಾಡಿಕೊಂಡದ್ದನ್ನೆಲ್ಲ '40' ಎಂಬ ಫೋಲ್ಡರಿನಲ್ಲಿಟ್ಟಿದ್ದ. ಫಂಕ್ಷನ್ ಮೊದಲು "ಈ ಹೆಸರಿನ ಫೋಲ್ಡರ್ ಇದೆಯೇ?" ಎಂದು ನೋಡುತ್ತಿತ್ತು. ಇಲ್ಲದಿದ್ದರೆ ಮಾತ್ರ "ಇದು ಸಂಖ್ಯೆಯೇ?" ಎಂಬ ವಿಚಾರಣೆ.

ಹೌದು, ನಿನಗೋಸ್ಕರವೇ ಎಂದುಬಿಡಬಹುದಿತ್ತು. ಆದರೆ ಅವಳು ಹಾಗೆ ನೋಡುತ್ತಿರುವಾಗ ಸುಳ್ಳು ಹೊರಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

"ಅಂದ್ರೆ ತಪ್ಪಿ ಹಾಡಿದ್ದು," ಎಂದಳು ಅವಳು. ಕರಕಲಾದ ಬ್ರೆಡ್ಡಿಗಿಂತ ಆ ಮಾತು ಅವನನ್ನು ಹೆಚ್ಚು ಸುಟ್ಟಿತು.

ಮನೆಗೆಂದು ತೆಗೆದಿಟ್ಟ ಹಿಟ್ಟು ಇನ್ನೂ ಉಳಿದಿತ್ತು. ಅವಳು ಅದನ್ನು ಓವನ್‌ಗೆ ಇಡುವುದರೊಳಗೆ ಅವನು ಸಂಖ್ಯೆಯ ವಿಚಾರಣೆಯನ್ನು ಫೋಲ್ಡರಿನ ವಿಚಾರಣೆಗಿಂತ ಮೇಲಕ್ಕೆ ತಂದ. ಅಟ್ಟ ಹತ್ತಿ, ತಲೆತುಂಬ ಜೇಡರ ಬಲೆ ಹೊತ್ತು, ಕೀಲಿ ಗಂಟೆಯೊಂದಿಗೆ ಇಳಿದ. (ಸರ್ವಜ್ಞ ಯಂತ್ರಕ್ಕೂ ಒಬ್ಬ ಸಾಕ್ಷಿ ಇರಲಿ ಎಂದು.)

ಅವಳು ಯಂತ್ರಕ್ಕೂ ಕೀಲಿ ಗಂಟೆಗೂ ಮತ್ತೆ ನಲವತ್ತು ಕೊಟ್ಟಳು. ಈ ಸಲ ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಓವನ್ನಿನ ಗಾಜಿನ ಹಿಂದೆ ಹಿಟ್ಟು ಮೆಲ್ಲಗೆ ಉಸಿರು ತುಂಬಿಕೊಳ್ಳುತ್ತಿತ್ತು.

"ಸರಿಹೋದ ಮೇಲೆ ಮನೆ ಬಿಕೋ ಅಂತಿದೆ," ಎಂದಳು.

"ಬರೀ ನಲವತ್ತು ಅಂದ್ರೆ ಇನ್ನು ಗಂಟೆ. ಹಾಡು ಬೇಕಾದ್ರೆ ಅದಕ್ಕೂ ಮೊದಲು ಒಂದು ಚುಕ್ಕೆ, ಒಂದು ಓರೆಗೆರೆ ಹಾಕಿ ಕೊಡ್ಬೇಕು."

"ಹಾಡಿಗೂ ಅರ್ಜಿ ಹಾಕ್ಬೇಕಾ? ಎದುರಿಗೇ ಇದ್ದೀರಲ್ಲ, ಹಾಡಿ."

"ಎರಡು ನಿಮಿಷ" ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಹಾಡಿದ. ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಕೊನೆಗೆ ಯಂತ್ರದ ಗಂಟೆ, ಕೀಲಿ ಗಂಟೆ ಎರಡೂ ಒಟ್ಟಿಗೇ ಹೊಡೆದವು. ಬ್ರೆಡ್ಡು ಹೊನ್ನಿನ ಬಣ್ಣಕ್ಕೆ ತಿರುಗಿತ್ತು.

ಚಹದಂಗಡಿಯವನು ಒಂದು ತುಂಡು ಬಾಯಿಗಿಟ್ಟು, ಇನ್ನೊಂದಕ್ಕೆ ಕೈಹಾಕಿದ. ನಾಳೆಯಿಂದ ದಿನವೂ ಬೇಕೆಂದ.

ಹಾಗಾಗಿ, ಅಡುಗೆಮನೆಯ ಕರೆಗಳಿಂದ ಪಾರಾಗಲು ಯಂತ್ರ ತಂದವನು ಈಗ ದಿನವೂ ಬೆಳಗಾಗುವ ಮುನ್ನ ಅಲ್ಲೇ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾನೆ. ಮೊದಲ ಸಾಲು ಮುಗಿಯುವುದರೊಳಗೆ ಕೋಣೆಯಿಂದ ಅಮ್ಮನ ದನಿ ಬರುತ್ತದೆ:

"ಏನೋ ಸುಟ್ಟ ವಾಸನೆ, ನೋಡೇ!"

"ಇಲ್ಲ ಅತ್ತೆ," ಎನ್ನುತ್ತಾಳೆ ಅವಳು. "ನಾನಿನ್ನೂ ಓವನ್ ಹಚ್ಚೇ ಇಲ್ಲ."