ಅತ್ತೆಯವರ ಗಣಿಕೆ ಸೊಪ್ಪಿನಲ್ಲಿ ಬಾಣಂತನಕ್ಕೆ ಇಳಿದವರಿಗೆ

ಮಾನ್ಯ ಕೆಂಪು ಜೇಡನುಸಿಯವರೇ,

ನ್ಯಾಮಿರಾ ಸೀಮೆಯ ಗುಡ್ಡದ ಇಳಿಜಾರಿನಲ್ಲಿ ಟೊಮೆಟೊ ಬೆಳೆಯುವ ಒಗೆಟೊ ಮಸೇಸೆ ಎಂಬ ನಾನು ತಮಗೂ, ಎಲೆಯಡಿಯಲ್ಲಿ ಸುಖವಾಗಿರುವ ತಮ್ಮ ಮಕ್ಕಳು ಮೊಮ್ಮಕ್ಕಳಿಗೂ, ಈ ಪತ್ರ ಓದಿ ಮುಗಿಸುವಷ್ಟರಲ್ಲಿ ಮೊಟ್ಟೆಯೊಡೆದು ಬರಲಿರುವವರಿಗೂ ತಲೆಬಾಗಿ ವಂದಿಸುತ್ತೇನೆ. ಇಷ್ಟು ದೊಡ್ಡ ಸಂಸಾರವನ್ನು ಒಂದೇ ಎಲೆಯ ಬೆನ್ನಿನಲ್ಲಿ ಜಗಳವಿಲ್ಲದೆ ನಡೆಸುವ ತಮ್ಮನ್ನು ಕಂಡರೆ ನನ್ನ ಅಣ್ಣತಮ್ಮಂದಿರಿಗೆ ನಾಚಿಕೆಯಾಗಬೇಕು.

ಕಳೆದ ಬೇಸಿಗೆಯಲ್ಲಿ ತಾವು ನನ್ನ ಟೊಮೆಟೊ ಗಿಡಗಳನ್ನು ಬುಡದಿಂದ ತುದಿಯವರೆಗೆ ಬಲೆ ನೇಯ್ದು ಮುಚ್ಚಿದಾಗ, ಪಕ್ಕದ ಹೊಲದ ಓಂಬೊಗೊ ಬೇಲಿಯ ಮೇಲೆ ಮೊಣಕೈ ಊರಿ, "ಏನಯ್ಯಾ ಒಗೆಟೊ, ಗಿಡಗಳಿಗೂ ಸೊಳ್ಳೆಪರದೆ ಕಟ್ಟಿದ್ದೀಯಲ್ಲ, ಮಲೇರಿಯಾ ಬಂದಿತ್ತಾ?" ಎಂದು ಕೇಳಿದ. ಒಣಗಿದ ಗಿಡಗಳನ್ನೆಲ್ಲ ಕಿತ್ತು ಸುಟ್ಟೆ. ತಮ್ಮ ಕಥೆ ಅಲ್ಲಿಗೆ ಮುಗಿಯಿತೆಂದು ತಿಳಿದದ್ದು ನನ್ನ ಅಜ್ಞಾನ. ಅಷ್ಟರಲ್ಲಿ ತಾವು ಸಕುಟುಂಬ ಸಪರಿವಾರವಾಗಿ ಮಡಿಯ ತಲೆಗಿದ್ದ ಗಣಿಕೆ ಸೊಪ್ಪಿನ ಸಾಲಿಗೆ ದಾಟಿದ್ದಿರಿ.

ಆ ಸಾಲನ್ನು ನೆಟ್ಟವರು ನನ್ನ ಹೆಂಡತಿಯ ತಾಯಿ, ಪೂಜ್ಯ ಬೊಸಿಬೋರಿಯವರು. ಮುದ್ದೆಗೆ ಗಣಿಕೆ ಸೊಪ್ಪಿಲ್ಲದ ಮನೆಯಲ್ಲಿ ಮಗಳನ್ನು ಬಿಟ್ಟೆನಲ್ಲ ಎಂದು ಮರುಗಿ, ತಾವೇ ಬುಟ್ಟಿಯಲ್ಲಿ ಸಸಿ ಹೊತ್ತು ತಂದು, ನೀರು ಚೆನ್ನಾಗಿ ನಿಲ್ಲುವ ಜಾಗ ಹುಡುಕಿ ನೆಟ್ಟು ಹೋದರು. ನಮ್ಮವರಲ್ಲಿ ಚಿನ್ಸೋನಿ ಎಂಬ ಮರ್ಯಾದೆ ಇರುವುದು ತಮಗೂ ಗೊತ್ತಿರಬೇಕು: ಅಳಿಯನಾದವನು ಅತ್ತೆಯ ಮುಖಕ್ಕೆ ಮುಖ ಕೊಟ್ಟು ಬೇಡ ಎನ್ನುವಂತಿಲ್ಲ. ಆದ್ದರಿಂದ ಹಳ್ಳ ಬತ್ತಿ ಇಡೀ ಗುಡ್ಡ ಒಣಗಿದಾಗಲೂ ಆ ಸಾಲಿಗೆ ಮಾತ್ರ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕಿದೆ. ಅತ್ತೆಯವರಿಗೆ ಮರ್ಯಾದೆ ಸಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ತಮ್ಮ ಹೆರಿಗೆ ಆಸ್ಪತ್ರೆಯ ಜವಾನನಾಗಿದ್ದೆ ಎಂದು ಈಗ ತಿಳಿಯಿತು.

ತಿಳಿಸಿದವಳು ಕೃಷಿ ಕಚೇರಿಯ ಹುಡುಗಿ. ಹೂ ಬಿಡುತ್ತಿರುವ ನನ್ನ ಹೊಸ ಟೊಮೆಟೊವನ್ನು ನೋಡಿ, ಅಲ್ಲಿಂದ ಗಣಿಕೆ ಸಾಲಿಗೆ ಹೋಗಿ ಎಲೆಯೊಂದನ್ನು ಮಗುಚಿ ಹಿಡಿದು, "ಅಣ್ಣಾ, ನೀವು ಔಷಧಿ ಹೊಡೀತಿರೋದು ಬರೀ ಊಟದ ಮನೆಗೆ. ಹುಟ್ಟೋದು ಬೆಳೆಯೋದೆಲ್ಲ ಇಲ್ಲಿ!" ಎಂದಳು. ಗಣಿಕೆಯೂ ಟೊಮೆಟೊವೂ ಒಂದೇ ಕುಲವಂತೆ. ಆ ಕುಲದ ಎಲೆ ಸಿಕ್ಕರೆ ತಾವು ಬೇಗ ಬೆಳೆದು, ಹೆಚ್ಚು ದಿನ ಬದುಕಿ, ಮೊಟ್ಟೆಯ ಮೇಲೆ ಮೊಟ್ಟೆ ಇಡುತ್ತೀರಂತೆ. ತಮ್ಮ ಜೊಲ್ಲು ತಾಗಿದರೆ, ಹುಳಗಳನ್ನು ತಡೆಯಲು ಎಲೆ ಇಟ್ಟುಕೊಂಡ ಕಾವಲೇ ನಿದ್ದೆ ಹೋಗುತ್ತದಂತೆ. ಹುಟ್ಟುವಾಗ ಆರೇ ಕಾಲಿದ್ದ ತಮ್ಮ ಮಗು ನನ್ನ ಗಿಡದ ರಸ ಕುಡಿದು ಇನ್ನೆರಡು ಕಾಲು ಸಂಪಾದಿಸುತ್ತದೆ. ಹೆಣ್ಣು ಕೊನೆಯ ಪೊರೆ ಕಳಚುವ ಮುನ್ನವೇ ಗಂಡು ಪಕ್ಕದಲ್ಲಿ ಬಂದು ಕಾದು ಕೂರುತ್ತದೆ. ವಧುದಕ್ಷಿಣೆಗೆ ಹಸು ಕೊಡಬೇಕಿಲ್ಲ, ಅತ್ತೆಯೆದುರು ತಲೆ ತಗ್ಗಿಸಬೇಕಿಲ್ಲ. ಎಂಥ ಪುಣ್ಯವಂತರು ತಾವು!

ತಮ್ಮನ್ನು ಬೀನ್ಸ್ ಬಳ್ಳಿಗೆ ಬಿಟ್ಟೂ ನೋಡಿದೆ. ಅದೇ ಬಿಸಿಲು, ಅದೇ ಗಾಳಿ, ಆದರೆ ಅಲ್ಲಿ ತಮಗೆ ಸೇರಲಿಲ್ಲ. ಇಟ್ಟ ಮೊಟ್ಟೆಗಳು ಬೆರಳೆಣಿಕೆಯಷ್ಟು, ಹುಟ್ಟಿದ ಮಕ್ಕಳು ದೊಡ್ಡವಾಗದೆ ಸೊರಗಿದವು. ಮಿತ ಸಂಸಾರಕ್ಕೆ ಹೇಳಿ ಮಾಡಿಸಿದ ಜಾಗ. ಆದ್ದರಿಂದ ನನ್ನ ವಿನಂತಿ ಇಷ್ಟೇ: ತಾವು ಖಾಯಮ್ಮಾಗಿ ಬೀನ್ಸಿಗೆ ವಾಸ ಬದಲಿಸಬೇಕು. ಅದು ಆಗದಿದ್ದರೆ ನನ್ನ ಟೊಮೆಟೊ ಕಾಯಿ ಕಟ್ಟುವವರೆಗಾದರೂ ಬ್ರಹ್ಮಚರ್ಯ ಪಾಲಿಸಬೇಕು. ಅದೂ ಕಷ್ಟವೆಂದಾದರೆ ತಮ್ಮ ಕಡೆಯ ಹಿರಿಯರೊಬ್ಬರು ಹೋಗಿ ನನ್ನ ಅತ್ತೆಯವರೊಂದಿಗೆ ಮಾತನಾಡಬೇಕು. ತಮಗೆ ಚಿನ್ಸೋನಿ ಇಲ್ಲವಲ್ಲ.

ನನಗೆ ಅವಸರವಿದೆ. ನನ್ನ ಹೆಂಡತಿ ಕ್ವಾಂಬೊಕ ತನ್ನ ತೀರ್ಪನ್ನು ಈಗಾಗಲೇ ಕೊಟ್ಟಿದ್ದಾಳೆ: "ಈ ಸಲಾನೂ ಟೊಮೆಟೊ ಒಣಗಿದ್ರೆ ಇಡೀ ಮಡಿಗೆ ಅಮ್ಮನ ಗಣಿಕೆ ಸೊಪ್ಪೇ ಹಾಕೋದು. ನೀವು ಸುಮ್ನೆ ನೀರು ಹೊರಿ." ಟೊಮೆಟೊ ಬೆಳೆಗಾರನೆಂದು ಊರಲ್ಲಿ ಉಳಿದಿರುವ ನನ್ನ ಹೆಸರು ಈಗ ತಮ್ಮ ಎಂಟು ಕಾಲುಗಳ ಕೆಳಗಿದೆ.

ಬಲೆಯ ಹೊರಗೆ ಬಕೆಟ್ ಹಿಡಿದು ನಿಂತಿರುವ,
ತಮ್ಮ ವಿಶ್ವಾಸಿ,
ಒಗೆಟೊ ಮಸೇಸೆ

ತಾಜಾ ಕಲಂ: ಈ ಪತ್ರವನ್ನು ಊರವರೂ ಓದಲೆಂದು ಚಹಾ ಎಲೆ ತೂಗುವ ಕಟ್ಟೆಯ ಗೋಡೆಗೆ ಅಂಟಿಸುವ ಮುನ್ನವೇ ಕ್ವಾಂಬೊಕ ಅದನ್ನು ತನ್ನ ತಾಯಿಗೆ ಓದಿ ಹೇಳಿದ್ದಾಳೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. "ಹುಳಕ್ಕೆ ಇಷ್ಟುದ್ದ ಕಾಗದ ಬರೆಯೋ ಬದಲು ನಿನ್ ಕೈಲಿ ಒಂದ್ ಮಾತು ಹೇಳಿ ಕಳಿಸಬಾರದಿತ್ತೇನೇ? ಆ ಗಣಿಕೆ ಎಲ್ಲಾ ಕಿತ್ತು ಸುಡೋಕೆ ಹೇಳು," ಎಂದರಂತೆ. ನಾನು ಹಾಡು ಹೇಳಿಕೊಂಡೇ ಕಿತ್ತೆ, ಸುಟ್ಟೆ. ಸಂಜೆಗೆ ಅತ್ತೆಯವರಿಂದ ಬುಟ್ಟಿಯೊಂದು ಬಂತು. "ಪಾಪ, ಅಳಿಯಂದಿರ ಮಡಿ ಬರಿದಾಗಿರಬಾರದು" ಎಂದು ತಮ್ಮ ಹಿತ್ತಿಲಿನ ಹೊಸ ಗಣಿಕೆ ಸಸಿಗಳನ್ನೇ ಕಳಿಸಿದ್ದಾರೆ. ಎಲೆ ಮಗುಚಿ ನೋಡಿದೆ. ಜೇಡನುಸಿಯವರೇ, ತಮ್ಮ ತವರಿನವರೆಲ್ಲ ಅಲ್ಲಿ ಕ್ಷೇಮವಾಗಿದ್ದಾರೆ. ಸಸಿಗಳನ್ನು ಅದೇ ಜಾಗದಲ್ಲಿ ನೆಟ್ಟು ನೀರು ಹಾಕಿ ಬಂದಿದ್ದೇನೆ. ಕ್ವಾಂಬೊಕ ಟೊಮೆಟೊ ಸಾಲುಗಳ ನಡುವೆ ನಿಂತು, ಇಲ್ಲಿ ಎಷ್ಟು ಗಣಿಕೆ ಸಸಿ ಹಿಡಿಯಬಹುದು ಎಂದು ಹೆಜ್ಜೆ ಹಾಕಿ ನೋಡುತ್ತಿದ್ದಾಳೆ.